ಲಾಕ್‌ಡೌನ್‌ನಲ್ಲಿ ತಿಳಿಯಾಗಿದ್ದ ಗಾಳಿ ಎಲ್ಲಿ ಹೋಯ್ತು?

ಪ್ರಶ್ನೆ: 2020ರ ಲಾಕ್‌ಡೌನ್‌ನಲ್ಲಿ ನಮ್ಮ ದಾವಣಗೆರೆಯಲ್ಲೂ ಗಾಳಿ ಚೆನ್ನಾಗಿತ್ತು. ಅಷ್ಟು ದಿನ ಎಲ್ಲ ಬಂದ್ ಮಾಡಿದ್ದಕ್ಕೆ ಪರಿಸರಕ್ಕೆ ಏನಾದರೂ ಉಳಿಯಿತಾ?

ಉಳಿದಿದ್ದು ಬಹಳ ಕಮ್ಮಿ. ಹಾಗಂತ ಗಾಳಿ ತಿಳಿಯಾಗಿದ್ದು ಸುಳ್ಳಲ್ಲ. ಯಾವ ಹೊಲಸು ಗಾಳಿಯಲ್ಲಿ ಎಷ್ಟು ಕಾಲ ಇರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಮ್ಮೂರಿನ ದೊಡ್ಡ ಕಾಟ ಧೂಳು. ಪಿ.ಬಿ. ರಸ್ತೆ ಪಕ್ಕದ ಅಂಗಡಿಯಲ್ಲಿ ಬೆಳಿಗ್ಗೆ ಒರೆಸಿದ ಗಾಜಿನ ಮೇಲೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು. ರಸ್ತೆ ಅಂಚಿನ ಮಣ್ಣನ್ನು ಲಾರಿ, ಬಸ್ಸಿನ ಚಕ್ರ ಅರೆದು ಎಬ್ಬಿಸುತ್ತದೆ. ಅದು ಕೂರುವಷ್ಟರಲ್ಲಿ ಇನ್ನೊಂದು ಗಾಡಿ. ಇದರಲ್ಲಿ 10 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಕಣಗಳಿಗೆ ಪಿಎಂ10 ಅಂತಾರೆ. ತಲೆಕೂದಲು ಇದಕ್ಕಿಂತ ಐದಾರು ಪಟ್ಟು ದಪ್ಪ. ಮಾರ್ಚ್ 25ರಿಂದ ಚಕ್ರ ನಿಂತವು, ಧೂಳು ಕೂತಿತು. ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡಿನ ಆಯುಷ್ಯವಂತೂ ಕೆಲವು ಗಂಟೆ ಅಷ್ಟೇ. ಪಂಜಾಬಿನ ಜಲಂಧರದ ಮಹಡಿಗಳಿಂದ ದೂರದ ಹಿಮಾಲಯದ ಧೌಲಾಧರ್ ಬೆಟ್ಟ ಕಂಡಿದ್ದೂ ಹೀಗೇ. ಬೇಗ ಹೋದದ್ದು ಬೇಗ ವಾಪಸ್ಸೂ ಬಂತು.

ಇಂಗಾಲದ ಡೈಆಕ್ಸೈಡ್ ಕತೆ ಬೇರೆ. 2020ರ ಏಪ್ರಿಲ್ ಮೊದಲ ವಾರ ಜಗತ್ತು ದಿನಕ್ಕೆ ಉಗುಳುವ ಪ್ರಮಾಣ ಹಿಂದಿನ ವರ್ಷಕ್ಕಿಂತ ಸುಮಾರು ಶೇ 17ರಷ್ಟು ಇಳಿದಿತ್ತು. ಇಡೀ ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು ಶೇ 5 ಮಾತ್ರ. 2021ರಲ್ಲಿ ಹೆಚ್ಚುಕಮ್ಮಿ ಮೊದಲಿನ ಮಟ್ಟಕ್ಕೇ ಬಂತು. ಈ ಅನಿಲದ ದೊಡ್ಡ ಪಾಲು ನೂರಾರು ವರ್ಷ ಗಾಳಿಯಲ್ಲೇ ಇರುತ್ತದೆ. ನಲ್ಲಿ ಸ್ವಲ್ಪ ಸಣ್ಣಗಾದರೆ ಸಂಪು ತುಂಬುವುದು ನಿಲ್ಲುತ್ತದಾ? ಗಾಳಿಯಲ್ಲಿ ಈ ಅನಿಲ ಎಷ್ಟಿದೆ ಅಂತ ಅಳೆಯುವ ಹವಾಯಿಯ ಮೌನಾ ಲೋವಾ ಕೇಂದ್ರದಲ್ಲಿ 2019ರ ಮೇ ತಿಂಗಳ ಸರಾಸರಿ, ಗಾಳಿಯ ಹತ್ತು ಲಕ್ಷ ಅಣುಗಳಿಗೆ ಸುಮಾರು 415 ಇತ್ತು. 2020ರ ಮೇನಲ್ಲಿ, ಲೋಕವೆಲ್ಲ ಮನೆಯಲ್ಲಿ ಕೂತಿದ್ದಾಗ, ಅದು 417.

ಕಸ ಬೇರೆ ಸೇರಿಕೊಂಡಿತು. ಆಸ್ಪತ್ರೆಯ ನೀಲಿ ಮಾಸ್ಕ್ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಚರಂಡಿಗೆ ಬಿದ್ದರೆ ಕರಗುವ ವಸ್ತುವಲ್ಲ.

"ವರ್ಷಕ್ಕೊಂದು ವಾರ ಬಂದ್ ಮಾಡಿದರೆ ಹೇಗೆ?" ಅಂತಲೂ ಕೆಲವರು ಕೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಮಂಡಕ್ಕಿ ಭಟ್ಟಿ ಆರಿದರೆ ಹೊಗೆ ನಿಲ್ಲುತ್ತದೆ, ಅಲ್ಲಿ ದುಡಿಯುವವರ ಕೂಲಿಯೂ ನಿಲ್ಲುತ್ತದೆ ಅಲ್ವಾ? ವಾರ ಕಳೆದ ಮೇಲೆ ಧೂಳು ಮತ್ತೆ ಏಳುವುದೇ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿ ಸುಧಾರಿಸಬೇಕಾದ ಊರುಗಳ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ದಾವಣಗೆರೆಯ ಹೆಸರೂ ಇದೆ. ಲಾಕ್‌ಡೌನ್ ತೋರಿಸಿಕೊಟ್ಟ ಮದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ: ಧೂಳು ಏಳದಂತೆ ನೋಡಿಕೊಳ್ಳುವುದು. ರಸ್ತೆ ಅಂಚಿಗೆ ಕಲ್ಲು ಹಾಸಬೇಕು, ಮರಳು ಲಾರಿಗೆ ಟಾರ್ಪಾಲು ಕಟ್ಟಿಸಬೇಕು. ಒಣ ಪೊರಕೆಯಲ್ಲಿ ಗುಡಿಸುವ ಮುಂಚೆ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಗುಡಿಸಿದ್ದರಲ್ಲಿ ಅರ್ಧ ಗುಡಿಸುವವರ ಮೂಗಿಗೇ ಹೋಗುತ್ತದೆ.