ಖುಲಾಸೆಯಾದ ಕೇಸನ್ನು ಫಾರಂನಲ್ಲಿ ಬರೆಯಬೇಕೇ?

ನೇಮಕಾತಿ ಆದೇಶ ಕೈಗೆ ಬಂದ ಮೇಲೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ಕೆಲಸ ಕಳೆದುಕೊಳ್ಳುವ ಎಷ್ಟೋ ಮಂದಿಗೆ ಮುಳುವಾಗುವುದು ಹಳೆಯ ಕೇಸಲ್ಲ, ಫಾರಂನಲ್ಲಿ ಬರೆದ ‘ಇಲ್ಲ’ ಎಂಬ ಎರಡಕ್ಷರ.

ಪ್ರಶ್ನೆಯ ಒಂದೊಂದು ಪದವನ್ನೂ ನೋಡಿ. ‘ಶಿಕ್ಷೆಯಾಗಿದೆಯೇ’ ಬೇರೆ, ‘ಬಂಧನವಾಗಿತ್ತೇ’ ಬೇರೆ, ‘ಎಫ್‌ಐಆರ್ ದಾಖಲಾಗಿತ್ತೇ’ ಬೇರೆ, ‘ಕೇಸ್ ಬಾಕಿ ಇದೆಯೇ’ ಬೇರೆ. ಜಾತ್ರೆಯ ಹೊಡೆದಾಟದಲ್ಲಿ ಹೆಸರು ಸೇರಿ, ಠಾಣೆಯಲ್ಲೇ ಜಾಮೀನು ಸಿಕ್ಕಿ, ಎರಡು ವರ್ಷದ ಮೇಲೆ ಖುಲಾಸೆಯಾದವರು ಮೊದಲನೆಯದಕ್ಕೂ ಕೊನೆಯದಕ್ಕೂ ‘ಇಲ್ಲ’ ಅನ್ನಬಹುದು. ನಡುವಿನ ಎರಡಕ್ಕೆ ‘ಹೌದು’ ಅನ್ನಲೇಬೇಕು. ರಾಜಿಯಾದ ಕೇಸಿಗೂ ಇದೇ ಲೆಕ್ಕ: ರಾಜಿ ಕಾನೂನಿನ ದೃಷ್ಟಿಯಲ್ಲಿ ಖುಲಾಸೆಗೆ ಸಮ, ಆದರೆ ಅದರಿಂದ ಎಫ್‌ಐಆರ್ ಅಳಿಸಿಹೋಗದು.

ಸರ್ಕಾರಿ ನೌಕರಿಯಲ್ಲಿ ಈ ವಿಷಯಕ್ಕೆ ಅಡಿಪಾಯ 2016ರ ಅವತಾರ್ ಸಿಂಗ್ ಪ್ರಕರಣ. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದರಲ್ಲಿ ಎರಡೂ ಕಡೆಗೆ ಕಡಿವಾಣ ಹಾಕಿತು. ಫಾರಂನಲ್ಲಿ ನಿರ್ದಿಷ್ಟವಾಗಿ ಕೇಳಿದ್ದನ್ನು ಮಾತ್ರ ಹೇಳಿದರೆ ಸಾಕು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಕೇಸನ್ನು ಮುಚ್ಚಿಟ್ಟಿದ್ದರೂ ಇಲಾಖೆ ಅದನ್ನು ಮನ್ನಿಸಬಹುದು. ಅತ್ತ, ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದೂ ಇಲ್ಲ. ಗಂಭೀರ ಆರೋಪದಲ್ಲಿ ತಾಂತ್ರಿಕ ಕಾರಣಕ್ಕೋ ಅನುಮಾನದ ಲಾಭದಿಂದಲೋ ಬಿಡುಗಡೆಯಾಗಿದ್ದರೆ ಇಲಾಖೆ ಪೂರ್ವಾಪರ ತೂಗಿ ನೋಡಬಹುದು. ಹಾಗಾಗಿ ‘ಖುಲಾಸೆ’ ಎಂಬ ಒಂದು ಪದಕ್ಕಿಂತ ತೀರ್ಪಿನ ಕೊನೆಯ ಎರಡು ಪುಟಗಳೇ ಮುಖ್ಯ: ಆರೋಪವೇ ಸುಳ್ಳೆಂದು ಬರೆದಿದೆಯೋ, ಸಾಕ್ಷಿಗಳು ತಿರುಗಿಬಿದ್ದರೆಂದು ಬರೆದಿದೆಯೋ ನೋಡಿಕೊಳ್ಳಿ.

ಯುಗಾದಿಯ ಇಸ್ಪೀಟಾಟದ ಕೇಸ್ ಇನ್ನೊಂದು ಬಲೆ. ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮಿನಡಿ ಹಿಡಿದಾಗ, ಅಲೆದಾಟ ಬೇಡವೆಂದು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಕೆಲವು ನೂರು ರೂಪಾಯಿ ಕಟ್ಟಿ ಬರುತ್ತಾರೆ. ‘ಬರೀ ದಂಡ’ ಅಂದುಕೊಂಡರೂ ಕಾನೂನಿನಲ್ಲಿ ಅದು ಶಿಕ್ಷೆಯೇ. ಮುಂದೆ ‘ಶಿಕ್ಷೆಯಾಗಿದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದರೆ ಸುಳ್ಳಾಗುತ್ತದೆ. ನೌಕರಿಗೆ ಅರ್ಜಿ ಹಾಕುವ ಹುಡುಗರು ತಪ್ಪೊಪ್ಪಿಗೆಗೆ ಮೊದಲು ವಕೀಲರನ್ನು ಒಂದು ಮಾತು ಕೇಳುವುದು ಲೇಸು.

ಖಾಸಗಿ ಕಂಪನಿಗಳ ದಾರಿ ಬೇರೆ. ಅವು ನೇಮಿಸುವ ಏಜೆನ್ಸಿಗಳು ಕೋರ್ಟುಗಳ ಆನ್‌ಲೈನ್ ತಾಣವಾದ ಇ-ಕೋರ್ಟ್ಸ್‌ನ ದಾಖಲೆಯಲ್ಲಿ ಹೆಸರು ಹಾಕಿ ಹುಡುಕುತ್ತವೆ. ಅಲ್ಲಿ ‘ವಿಲೇವಾರಿ’ ಎಂದಷ್ಟೇ ಕಂಡರೆ ಖುಲಾಸೆಯೋ ಶಿಕ್ಷೆಯೋ ಗೊತ್ತಾಗದೆ ವರದಿಗೆ ಕೆಂಪು ಗುರುತು ಬೀಳುತ್ತದೆ. ಮಂಜುನಾಥ, ರಮೇಶ ಎಂಬ ಹೆಸರಿನವರಿಗೆ ಪರರ ಕೇಸೂ ಅಂಟಿಕೊಂಡೀತು. ಹಾಗಾದಾಗ ಸಿಎನ್‌ಆರ್ ಸಂಖ್ಯೆಯನ್ನು, ಅಂದರೆ ಪ್ರತಿ ಕೇಸಿಗೂ ಇ-ಕೋರ್ಟ್ಸ್‌ನಲ್ಲಿರುವ 16 ಅಕ್ಷರಾಂಕಿಗಳ ಪ್ರತ್ಯೇಕ ಗುರುತಿನ ಸಂಖ್ಯೆಯನ್ನು, ಕೇಳಿ ಪಡೆಯಿರಿ. ಆ ಆರೋಪಿಯ ತಂದೆಯ ಹೆಸರು, ವಯಸ್ಸು, ವಿಳಾಸ ನಿಮ್ಮದಲ್ಲ ಎಂಬುದನ್ನು ದಾಖಲೆ ಸಮೇತ ಇಮೇಲ್‌ನಲ್ಲೇ ತಿಳಿಸಿ. ಫೋನಿನಲ್ಲಿ ಹೇಳಿದ್ದು ಫೈಲಿಗೆ ಸೇರುವುದಿಲ್ಲ.

ಕೇಸ್ ನಿಮ್ಮದೇ ಆದರೆ ಠಾಣೆ, ಕ್ರೈಂ ನಂಬರ್ ಮತ್ತು ವರ್ಷ, ಕಲಂ, ಕೋರ್ಟು, ಸಿ.ಸಿ. ನಂಬರ್ (ಕೋರ್ಟು ಕೇಸಿಗೆ ಕೊಟ್ಟ ಸಂಖ್ಯೆ), ತೀರ್ಪಿನ ದಿನಾಂಕ, ಫಲಿತಾಂಶ ಇಷ್ಟನ್ನೂ ಬರೆದು, ತೀರ್ಪಿನ ದೃಢೀಕೃತ ನಕಲು ಲಗತ್ತಿಸಿ. ಜೆರಾಕ್ಸ್ ನಡೆಯದು. ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಹಾಕಿ ಎರಡು ಪ್ರತಿ ತೆಗೆಸಿಡಿ. ಹಳೆಯ ಕಡತ ರೆಕಾರ್ಡ್ ರೂಮಿಗೆ ಹೋಗಿದ್ದರೆ ವಾರಗಳೇ ಹಿಡಿಯಬಹುದು. ಪೊಲೀಸರು ಬಿ ರಿಪೋರ್ಟ್ (ಆರೋಪಕ್ಕೆ ಆಧಾರವಿಲ್ಲವೆಂಬ ತನಿಖಾ ವರದಿ) ಹಾಕಿದ್ದರೆ ಅದೊಂದೇ ಸಾಲದು, ಕೋರ್ಟು ಅದನ್ನು ಒಪ್ಪಿದ ಆದೇಶವೂ ಬೇಕು.

ಫಾರಂ ಕೊಟ್ಟ ಮೇಲೆ ಹೊಸ ಕೇಸಾದರೆ? ಕೇಂದ್ರ ಸರ್ಕಾರದ ದೃಢೀಕರಣ ನಮೂನೆಯ (ಅಟೆಸ್ಟೇಶನ್ ಫಾರಂ) ಎಚ್ಚರಿಕೆಯಲ್ಲೇ ಉತ್ತರವಿದೆ: ಆನಂತರದ ಬಂಧನ, ಮೊಕದ್ದಮೆಗಳನ್ನೂ ಕೂಡಲೇ ತಿಳಿಸಬೇಕು, ತಿಳಿಸದಿದ್ದರೆ ಮುಚ್ಚಿಟ್ಟಂತೆಯೇ. ನೌಕರಿ ಖಾಯಂ ಆದ ಮೇಲೆ ಇಂಥದ್ದು ಹೊರಬಿದ್ದರೆ, ಅವತಾರ್ ಸಿಂಗ್ ತೀರ್ಪಿನ ಪ್ರಕಾರ ಇಲಾಖಾ ವಿಚಾರಣೆ ನಡೆಸಿಯೇ ವಜಾ ಮಾಡಬೇಕು. ಪ್ರೊಬೇಷನ್‌ನಲ್ಲಿ ಇರುವವರಿಗೆ ಆ ಆಸರೆ ಇಲ್ಲ.