ಪೋಪರನ್ನು ಇಳಿಸುವ ಅಧಿಕಾರ ಮಹಾಸಭೆಗೆ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಹದಿನೈದನೇ ಶತಮಾನದ ಆರಂಭದಲ್ಲಿ ಒಂದೇ ಹೊತ್ತಿಗೆ ಮೂವರು ಪೋಪರಿದ್ದರು, ಕಾನ್‌ಸ್ಟಾನ್ಸ್ ಮಹಾಸಭೆ ಮೂವರನ್ನೂ ಬದಿಗೆ ಸರಿಸಿ ಹೊಸಬರನ್ನು ಆರಿಸಿತು ಎಂದು ಓದಿದ್ದೇನೆ. ಪೋಪರ ಮೇಲೆ ಯಾರೂ ತೀರ್ಪು ಕೊಡುವಂತಿಲ್ಲ ಎಂದಾದರೆ ಇದು ಹೇಗಾಯಿತು? ಅಷ್ಟು ಬಲವಿದ್ದ ಸಭೆ ಸುಧಾರಣೆಯನ್ನೂ ಏಕೆ ಮುಗಿಸಲಿಲ್ಲ?

ಉತ್ತರ: ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ, ಮತ ಎಣಿಸಿದ ರೀತಿಯಲ್ಲಿ. ಮೊದಲು ತೊಡಕು ಎಲ್ಲಿತ್ತು ನೋಡೋಣ.

ಕಥೋಲಿಕ ಧರ್ಮಸಭೆಯ (ಚರ್ಚಿನ) ಕಾನೂನಿನಲ್ಲಿ ಎರಡು ಬೀಗಗಳಿದ್ದವು. ಮಹಾಸಭೆ, ಅಂದರೆ ಎಲ್ಲ ನಾಡುಗಳ ಬಿಷಪರ ಸಭೆ, ಕರೆಯುವ ಹಕ್ಕು ಪೋಪರಿಗೆ ಮಾತ್ರ ಎಂಬುದು ಒಂದು, ಪೋಪರನ್ನು ಯಾರೂ ವಿಚಾರಣೆಗೆ ಒಳಪಡಿಸುವಂತಿಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೆ ಹನ್ನೆರಡನೇ ಶತಮಾನದ ಗ್ರೇಷಿಯನ್‌ನ ಕಾನೂನು ಸಂಗ್ರಹದಲ್ಲೇ ಒಂದು ಸಣ್ಣ ಕಿಂಡಿ ಇತ್ತು: 'ವಿಶ್ವಾಸದಿಂದ ದಾರಿ ತಪ್ಪಿದ್ದು ಕಂಡುಬಂದರೆ ಹೊರತು.' ಈ ಕಿಂಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಡಕು ಶುರುವಾದದ್ದು 1378ರಲ್ಲಿ. ಸುಮಾರು ಎಪ್ಪತ್ತು ವರ್ಷ ಇಂದಿನ ಫ್ರಾನ್ಸಿನ ಆವಿನ್ಯೋನ್‌ನಲ್ಲಿದ್ದ ಪೋಪರ ಆಸ್ಥಾನ ಆಗಷ್ಟೇ ರೋಮಿಗೆ ಮರಳಿತ್ತು. 11ನೇ ಗ್ರೆಗರಿ ತೀರಿಕೊಂಡಾಗ ರೋಮಿನ ಜನ ಬೀದಿಗಿಳಿದು, ರೋಮಿನವರೇ ಆಗಬೇಕು, ಕೊನೆಗೆ ಇಟಲಿಯವರಾದರೂ ಆಗಬೇಕು ಎಂದು ಗದ್ದಲವೆಬ್ಬಿಸಿದರು. ಪೋಪರನ್ನು ಆರಿಸುವ ಹಿರಿಯ ಧರ್ಮಾಧಿಕಾರಿಗಳಾದ 16 ಕಾರ್ಡಿನಲ್‌ಗಳು ಏಪ್ರಿಲ್ 8ರಂದು ಬಾರಿಯ ಆರ್ಚ್‌ಬಿಷಪ್ಪರನ್ನು ಆರಿಸಿದರು. ಅವರೇ 6ನೇ ಅರ್ಬನ್. ಹೊಸ ಪೋಪರ ಬಿರುನುಡಿ, ಸಿಟ್ಟು ಸಹಿಸಲಾಗದೆ ಅದೇ ಕಾರ್ಡಿನಲ್‌ಗಳಲ್ಲಿ ಹೆಚ್ಚಿನವರು ಸೆಪ್ಟೆಂಬರ್ 20ರಂದು ಫೋಂಡಿಯಲ್ಲಿ ಸೇರಿ, 'ಹಿಂದಿನ ಆಯ್ಕೆ ಹೆದರಿಕೆಯಲ್ಲಿ ಆದದ್ದು, ಊರ್ಜಿತವಲ್ಲ' ಎಂದು ಜಿನೀವಾದ ರಾಬರ್ಟರನ್ನು ಪೋಪರನ್ನಾಗಿ ಮಾಡಿದರು. ಎರಡೂ ಬಾರಿ ಆರಿಸಿದ್ದು ಹೆಚ್ಚುಕಡಿಮೆ ಅದೇ ಕೈಗಳು. ಯಾರು ಅಸಲಿ ಎಂದು ದಾಖಲೆ ತೋರಿಸಿ ತೀರ್ಮಾನಿಸಲಾಗದ ಸ್ಥಿತಿ ಬಂದದ್ದು ಅದಕ್ಕೇ. ಫ್ರಾನ್ಸ್, ಸ್ಕಾಟ್ಲೆಂಡ್, ಕ್ಯಾಸ್ಟೀಲ್, ಅರಗಾನ್ ಆವಿನ್ಯೋನ್‌ನಲ್ಲಿ ನೆಲೆಸಿದ ರಾಬರ್ಟರ ಕಡೆ ನಿಂತವು. ಇಂಗ್ಲೆಂಡ್, ಹಂಗರಿ, ಪೋಲೆಂಡ್, ಜರ್ಮನ್ ನಾಡುಗಳ ಬಹುಭಾಗ ರೋಮಿನ ಕಡೆ.

1409ರಲ್ಲಿ ಪೀಸಾದಲ್ಲಿ ಎರಡೂ ಕಡೆಯ ಕಾರ್ಡಿನಲ್‌ಗಳು ಸೇರಿ ಇಬ್ಬರನ್ನೂ ಪದಚ್ಯುತರೆಂದು ಸಾರಿ 5ನೇ ಅಲೆಕ್ಸಾಂಡರ್ ಅವರನ್ನು ಆರಿಸಿದರು. ಇಳಿಸಿದವರಿಗೆ ಬೆಂಬಲ ಕೊಡುತ್ತಿದ್ದ ರಾಜರನ್ನು ಮೊದಲು ಒಲಿಸಿಕೊಳ್ಳದೆ ಹೊಸಬರನ್ನು ಕೂರಿಸಿದ್ದೇ ತಪ್ಪು. ಇಬ್ಬರಿದ್ದದ್ದು ಮೂವರಾಯಿತು. ಅಲೆಕ್ಸಾಂಡರ್ ಮರುವರ್ಷವೇ ತೀರಿಕೊಂಡು, ಅವರ ಜಾಗಕ್ಕೆ ಬಾಲ್ದಸ್ಸಾರೆ ಕೊಸ್ಸ ಬಂದರು, 23ನೇ ಜಾನ್ ಎಂಬ ಹೆಸರಿನಲ್ಲಿ. (1958ರಲ್ಲಿ ಆಯ್ಕೆಯಾದ 23ನೇ ಜಾನ್ ಬೇರೆ. ಕೊಸ್ಸ ಅಧಿಕೃತ ಪೋಪರಲ್ಲ ಎಂಬ ಎಣಿಕೆಯಿಂದ ಅದೇ ಸಂಖ್ಯೆ ಮತ್ತೆ ಬಳಕೆಯಾಯಿತು.)

ಜರ್ಮನ್ ರಾಜ ಸಿಗಿಸ್ಮಂಡನ ಒತ್ತಾಯಕ್ಕೆ ಕಟ್ಟುಬಿದ್ದು ಜಾನ್ ಅವರೇ ಮಹಾಸಭೆ ಕರೆದರು. 1414ರ ನವೆಂಬರ್ 5ರಂದು ಕಾನ್‌ಸ್ಟಾನ್ಸ್‌ನಲ್ಲಿ ಅದು ತೆರೆಯಿತು. ತಮ್ಮ ಕಡೆಯ ಇಟಲಿಯ ಬಿಷಪರು ದೊಡ್ಡ ಸಂಖ್ಯೆಯಲ್ಲಿದ್ದರಿಂದ ತಲೆ ಎಣಿಸಿದರೆ ಗೆಲುವು ತಮ್ಮದೇ ಎಂಬುದು ಅವರ ಲೆಕ್ಕ. ಆ ಲೆಕ್ಕ ಬುಡಮೇಲಾದದ್ದು 1415ರ ಫೆಬ್ರವರಿಯಲ್ಲಿ. ಇನ್ನು ಮತ ತಲೆಗೊಂದಲ್ಲ, 'ನಾಡಿಗೊಂದು' ಎಂದು ನಿಶ್ಚಯವಾಯಿತು: ಇಟಲಿ, ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್, ಮುಂದೆ ಸ್ಪೇನ್ ಐದನೆಯದಾಗಿ ಸೇರಿತು. ಪ್ರತಿ ನಾಡೂ ಬೇರೆಯಾಗಿ ಕುಳಿತು ಚರ್ಚಿಸಿ ಒಂದು ಅಭಿಪ್ರಾಯಕ್ಕೆ ಬರಬೇಕು. ವಿಶ್ವವಿದ್ಯಾಲಯದ ಪಂಡಿತರಿಗೂ ಅಲ್ಲಿ ಮಾತಿತ್ತು. ಕೈಬೆರಳೆಣಿಕೆಯ ಇಂಗ್ಲಿಷ್ ಬಿಷಪರಿಗೂ ನೂರಾರು ಇಟಾಲಿಯನ್ನರಿಗೂ ಒಂದೇ ತೂಕ.

ಸೋಲು ಕಂಡ ಜಾನ್ ಮಾರ್ಚ್ 20ರಂದು ವೇಷ ಮರೆಸಿಕೊಂಡು ಊರು ಬಿಟ್ಟು ಓಡಿದರು. ಕರೆದವರೇ ಹೋದರೆ ಸಭೆ ತಾನಾಗಿ ಚದುರುತ್ತದೆ ಎಂದು ನಂಬಿದ್ದರು. ಚದುರಲಿಲ್ಲ. ಏಪ್ರಿಲ್ 6ರಂದು ಅದು ಹೊರಡಿಸಿದ ನಿರ್ಣಯ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಈ ಸಭೆಗೆ ಅಧಿಕಾರ ಬಂದಿರುವುದು ನೇರವಾಗಿ ಕ್ರಿಸ್ತನಿಂದ, ವಿಶ್ವಾಸ, ಒಡಕಿನ ನಿವಾರಣೆ ಮತ್ತು ಸುಧಾರಣೆಯ ವಿಷಯಗಳಲ್ಲಿ ಎಲ್ಲರೂ, ಪೋಪರೂ ಸೇರಿ, ಅದಕ್ಕೆ ವಿಧೇಯರಾಗಬೇಕು.

ಆದರೂ ಸಭೆ ಈ ಒಂದು ನಿರ್ಣಯವನ್ನೇ ನಂಬಿ ಕೂರಲಿಲ್ಲ. ಅದರ ಜಾಣ್ಮೆ ಎದ್ದು ಕಾಣುವುದು ಇಲ್ಲಿ: ಮೂವರಿಗೆ ಮೂರು ದಾರಿ ಹಿಡಿಯಿತು. ಹಿಡಿದು ತಂದ ಜಾನ್ ಅವರನ್ನು ಪದವಿಗಳ ಮಾರಾಟ ಮುಂತಾದ ಆರೋಪಗಳ ಮೇಲೆ ಮೇ 29ರಂದು ಇಳಿಸಿತು. ಅವರು ತೀರ್ಪಿಗೆ ತಲೆಬಾಗಿದರು. ರೋಮಿನ 12ನೇ ಗ್ರೆಗರಿ, ತಮ್ಮ ಹೆಸರಿನಲ್ಲಿ ಸಭೆಯನ್ನು ಹೊಸದಾಗಿ ಕರೆಯಲು ಬಿಟ್ಟರೆ ರಾಜೀನಾಮೆ ಕೊಡುವುದಾಗಿ ಹೇಳಿದರು. ಸಭೆ ಅಭಿಮಾನ ಬದಿಗಿಟ್ಟು ಒಪ್ಪಿತು. ಜುಲೈ 4ರಂದು ಅವರ ಕರೆಯೋಲೆಯನ್ನು ಓದಿದ ಮೇಲೆ, ಅವರ ಪ್ರತಿನಿಧಿ ಕಾರ್ಲೊ ಮಲಾತೆಸ್ತ ರಾಜೀನಾಮೆ ಸಾರಿದ. ಹೀಗೆ ಪೀಸಾದ ಸಾಲನ್ನು ನಂಬಿದವರಿಗೂ ರೋಮಿನ ಸಾಲನ್ನು ನಂಬಿದವರಿಗೂ ಮೊದಲ ಬೀಗ ತೆರೆದಂತಾಯಿತು. ಉಳಿದವರು ಆವಿನ್ಯೋನ್ ಸಾಲಿನ 13ನೇ ಬೆನೆಡಿಕ್ಟ್, ಹಟಕ್ಕೆ ಹೆಸರಾದವರು. ಸಿಗಿಸ್ಮಂಡ್ ಪರ್ಪಿನ್ಯಾನ್‌ವರೆಗೆ ಹೋಗಿ ಕೇಳಿಕೊಂಡರೂ ಬಗ್ಗಲಿಲ್ಲ. ಸಭೆ ಈ ಬಾರಿ ಪೀಸಾದ ತಪ್ಪು ಮಾಡದೆ, 1415ರ ಡಿಸೆಂಬರ್‌ನಲ್ಲಿ ನಾರ್ಬೋನ್ ಒಪ್ಪಂದದ ಮೂಲಕ ಮೊದಲು ಅರಗಾನ್, ಕ್ಯಾಸ್ಟೀಲ್, ನವಾರ್‌ಗಳನ್ನು ತನ್ನ ಕಡೆ ಸೆಳೆದುಕೊಂಡಿತು. 1417ರ ಜುಲೈ 26ರಂದು ಬೆನೆಡಿಕ್ಟ್ ಪದಚ್ಯುತರಾದರು. ಆರೋಪಗಳಲ್ಲಿ ಮುಖ್ಯವಾದದ್ದು ಹಟ ಹಿಡಿದ ಒಡಕು, ಮತ್ತು ಅದರಿಂದ ಪಾಷಂಡತನ, ಅಂದರೆ ವಿಶ್ವಾಸದಿಂದ ದಾರಿ ತಪ್ಪಿದ್ದು. ಮೊದಲು ಹೇಳಿದ ಕಿಂಡಿ ಇದೇ.

ಒಡಕು ಹೊಲಿದ ಈ ಸಭೆಯೇ 1415ರ ಜುಲೈ 6ರಂದು, ಸಿಗಿಸ್ಮಂಡನ ಅಭಯಪತ್ರ ಹಿಡಿದು ಬಂದಿದ್ದ ಬೊಹೆಮಿಯಾದ (ಇಂದಿನ ಚೆಕ್ ನಾಡಿನ) ಸುಧಾರಕ ಪಾದ್ರಿ ಯಾನ್ ಹುಸ್ ಅವರನ್ನು ಸುಡುವಂತೆ ಮಾಡಿತು. ಪಾದ್ರಿಗಳ ಹಣದಾಸೆಯನ್ನು ಸಭೆಯ ಒಳಗಿದ್ದವರೂ ಬಯ್ಯುತ್ತಿದ್ದರು. ಸಭೆಯ ಅಧಿಕಾರಕ್ಕೆ ತಲೆಬಾಗದೆ ಅದನ್ನೇ ಹೇಳಿದ ಹೊರಗಿನವನಿಗೆ ಮಾತ್ರ ಕ್ಷಮೆ ಇರಲಿಲ್ಲ. ಬೊಹೆಮಿಯಾದಲ್ಲಿ ಅದರಿಂದ ಹೊತ್ತಿದ ಯುದ್ಧ 1430ರ ದಶಕದವರೆಗೆ ಉರಿಯಿತು. ಈ ಸಭೆಯ ಮೇಲಿನ ಅಳಿಸಲಾಗದ ಕಲೆ ಇದು.

ಇನ್ನು ಸುಧಾರಣೆ. 1417ರಲ್ಲಿ ಜಗಳ ಎದ್ದದ್ದು ಮೊದಲು ಯಾವುದು ಎಂಬುದರ ಮೇಲೆ. ಸಿಗಿಸ್ಮಂಡ್, ಜರ್ಮನ್ನರು, ಇಂಗ್ಲಿಷರು 'ಮೊದಲು ಸುಧಾರಣೆ, ಆಮೇಲೆ ಪೋಪ್' ಎಂದರು. ಕಾರ್ಡಿನಲ್‌ಗಳು ಮತ್ತು ಉಳಿದ ನಾಡುಗಳು 'ಮೊದಲು ಪೋಪ್' ಎಂದವು. ಸೆಪ್ಟೆಂಬರ್‌ನಲ್ಲಿ ಇಂಗ್ಲಿಷರ ಮುಖಂಡ, ಸಾಲ್ಸ್‌ಬರಿಯ ಬಿಷಪ್ ರಾಬರ್ಟ್ ಹ್ಯಾಲಮ್ ತೀರಿಕೊಂಡರು, ಇಂಗ್ಲಿಷರು ಪಕ್ಷ ಬದಲಿಸಿದರು. ಒಡಕು ನಿಲ್ಲಿಸಲು ಒದಗಿದ ನಾಡುವಾರು ಮತವೇ ಸುಧಾರಣೆಗೆ ಅಡ್ಡಿಯಾಯಿತು. ಏಕೆಂದರೆ ಸುಧಾರಣೆ ಎಂದರೆ ಬಹುಮಟ್ಟಿಗೆ ಹಣದ ಮಾತು: ಹೊಸ ಪದವಿಯ ಮೊದಲ ವರ್ಷದ ಆದಾಯದಲ್ಲಿ ಪೋಪರ ಖಜಾನೆಗೆ ಹೋಗುತ್ತಿದ್ದ ಪಾಲು, ಪದವಿಗಳನ್ನು ಯಾರು ಹಂಚಬೇಕು ಎಂಬುದು. ಒಂದೊಂದು ನಾಡಿನ ಹಿತ ಒಂದೊಂದು ಬಗೆ. ಕೊನೆಗೆ 18 ಅಂಶಗಳ ಪಟ್ಟಿ ಮಾಡಿ ಬರಲಿರುವ ಪೋಪರಿಗೆ ಒಪ್ಪಿಸಿದರು. ಅವರು ಅವುಗಳಲ್ಲಿ ಹೆಚ್ಚಿನದನ್ನು ನಾಡುವಾರು ಒಪ್ಪಂದಗಳಲ್ಲಿ ತುಂಡುತುಂಡಾಗಿ ಮುಗಿಸಿದರು.

ಆಯ್ಕೆಯ ಕ್ರಮವಂತೂ ಅಚ್ಚುಕಟ್ಟು. 23 ಕಾರ್ಡಿನಲ್‌ಗಳ ಜತೆ ಐದು ನಾಡುಗಳಿಂದ ಆರಾರು ಮಂದಿ, ಒಟ್ಟು 53. ಕಾರ್ಡಿನಲ್‌ಗಳಲ್ಲೂ ಮೂರರಲ್ಲಿ ಎರಡು ಪಾಲು, ಪ್ರತಿ ನಾಡಿನಲ್ಲೂ ಮೂರರಲ್ಲಿ ಎರಡು ಪಾಲು ಒಪ್ಪಲೇಬೇಕು. ಮುಂದೆ ಯಾವ ದೇಶವೂ 'ನಮಗೆ ಗೊತ್ತಿಲ್ಲ' ಎನ್ನಬಾರದಲ್ಲ! ಊರಿನ ವರ್ತಕರ ಮಳಿಗೆಯಲ್ಲಿ ನವೆಂಬರ್ 8ರಂದು ಒಳಹೊಕ್ಕವರು 11ರಂದು ಒದ್ದೊನೆ ಕೊಲೊನ್ನ ಅವರನ್ನು ಆರಿಸಿ ಹೊರಬಂದರು. ಅದು ಸಂತ ಮಾರ್ಟಿನರ ಹಬ್ಬದ ದಿನ, ಹಾಗಾಗಿ 5ನೇ ಮಾರ್ಟಿನ್.

ಸಭೆ ಬಿಟ್ಟುಹೋದ ದೊಡ್ಡ ಭರವಸೆ 1417ರ ಅಕ್ಟೋಬರ್ 9ರ ನಿಯಮ: ಮುಂದಿನ ಮಹಾಸಭೆ ಐದು ವರ್ಷಕ್ಕೆ, ಅದರ ನಂತರದ್ದು ಏಳು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೊಮ್ಮೆ, ಎಂದೆಂದಿಗೂ. ಮೊದಲೆರಡು ನಡೆದವು. ಎರಡನೆಯದಾದ ಬಾಸೆಲ್ ಸಭೆ (1431) ಪೋಪರೊಡನೆ ಕಾದಾಡಿ, 1439ರಲ್ಲಿ ತಾನೇ ಎದುರು ಪೋಪರನ್ನು ನಿಲ್ಲಿಸಿತು. ಒಡಕು ಮುಗಿಸಲು ಹುಟ್ಟಿದ ವ್ಯವಸ್ಥೆಯೇ ಒಡಕು ತಂದಾಗ ರಾಜರು ಅದರ ಕೈಬಿಟ್ಟರು; ತಮಗೆ ಬೇಕಾದ ರಿಯಾಯಿತಿಗಳನ್ನು ಪೋಪರಿಂದ ನೇರವಾಗಿ ಪಡೆಯುವುದು ಅವರಿಗೆ ಸುಲಭವಾಗಿತ್ತು. ಆ ಎದುರು ಪೋಪರ ಕಾರ್ಯದರ್ಶಿಯಾಗಿದ್ದ ಪಿಕ್ಕೊಲೊಮಿನಿ ಮುಂದೆ ತಾವೇ 2ನೇ ಪಯಸ್ ಆಗಿ, 1460ರಲ್ಲಿ ಪೋಪರ ವಿರುದ್ಧ ಮಹಾಸಭೆಗೆ ಮೇಲ್ಮನವಿ ಸಲ್ಲಿಸುವುದನ್ನೇ ನಿಷೇಧಿಸಿದರು.

ಅದರಿಂದಾಗಿ 1518ರಲ್ಲಿ ಜರ್ಮನಿಯ ಸುಧಾರಕ ಲೂಥರ್ ಮಹಾಸಭೆಗೆ ಮೇಲ್ಮನವಿ ಹೋದಾಗ ಅದಕ್ಕೆ ಬೆಲೆಯಿರಲಿಲ್ಲ. ಅಂಥ ಮಹಾಸಭೆ ಕೊನೆಗೂ ಟ್ರೆಂಟ್‌ನಲ್ಲಿ ಆರಂಭವಾದದ್ದು 1545ರ ಡಿಸೆಂಬರ್ 13ರಂದು, 27 ವರ್ಷ ತಡವಾಗಿ. ಅಲ್ಲಿ ಮತ ಮತ್ತೆ ತಲೆಗೊಂದು, ಬಿಷಪರಿಗೂ ಸನ್ಯಾಸಿ ಸಂಘಗಳ ಮುಖ್ಯಸ್ಥರಿಗೂ. ಕಲಾಪದ ಹಿಡಿತ ಪೋಪರ ಪ್ರತಿನಿಧಿಗಳ ಕೈಯಲ್ಲಿ. ಕಾನ್‌ಸ್ಟಾನ್ಸ್‌ಗೆ ಆಗದ ಕೆಲವು ಕೆಲಸ ಅಲ್ಲಿ ಆಯಿತು: ಬಿಷಪರು ತಮ್ಮ ಪ್ರಾಂತ್ಯದಲ್ಲೇ ವಾಸಿಸಬೇಕು, ಪಾದ್ರಿಗಳ ತರಬೇತಿಗೆ ಸೆಮಿನರಿ ತೆರೆಯಬೇಕು, ಮದುವೆಗೆ ಮೊದಲು ಮೂರು ಬಾರಿ ಚರ್ಚಿನಲ್ಲಿ ಘೋಷಿಸಿ ಪಾದ್ರಿ ಮತ್ತು ಇಬ್ಬರು ಮೂವರು ಸಾಕ್ಷಿಗಳ ಎದುರು ನಡೆಸಬೇಕು. 1563ರ ಡಿಸೆಂಬರ್ 4ರಂದು ಅದು ಮುಗಿಯಿತು. ಹತ್ತು ವರ್ಷಕ್ಕೊಮ್ಮೆ ಎಂದು ಕಾನ್‌ಸ್ಟಾನ್ಸ್ ವಿಧಿಸಿದ್ದ ಮಹಾಸಭೆ ಅದಾದ ಮೇಲೆ ಮತ್ತೆ ಸೇರಿದ್ದು 1869ರಲ್ಲಿ, ವ್ಯಾಟಿಕನ್‌ನಲ್ಲಿ.