ಸಂಸಾರ ಮುರಿದದ್ದು ಸೀರಿಯಲ್ಲೇ?

"ಸೀರಿಯಲ್ ನೋಡಿ ನೋಡಿ ನಮ್ಮ ಸೊಸೆ ತಲೆ ಕೆಡಿಸಿಕೊಂಡಳು ಮೇಡಂ."

ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನಗೆ ಈ ಮಾತು ಹೊಸದಲ್ಲ. ಹಾಗೆ ಹೇಳುವ ಹಿರಿಯರು ಸುಳ್ಳು ಹೇಳುತ್ತಿರುವುದಿಲ್ಲ. ಕಣ್ಣೆದುರೇ ಮನೆ ಒಡೆಯುತ್ತಿದ್ದರೆ ಬೆರಳು ತೋರಿಸಲು ಏನಾದರೂ ಬೇಕಲ್ವಾ?

ಸ್ವೀಡನ್ನಿನಲ್ಲೂ ಒಮ್ಮೆ ಹೀಗೇ ಆಗಿತ್ತು. 1973ರ ಏಪ್ರಿಲ್‌ನಲ್ಲಿ ಅಲ್ಲಿನ ಟಿವಿಯಲ್ಲಿ ಅಲ್ಲಿನ ಹೆಸರಾಂತ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಅವರ 'ಸೀನ್ಸ್ ಫ್ರಮ್ ಎ ಮ್ಯಾರೇಜ್' ಶುರುವಾಯಿತು. ವಾರಕ್ಕೊಂದರಂತೆ ಆರು ಕಂತು. ಹತ್ತು ವರ್ಷ ಚೆನ್ನಾಗಿಯೇ ಇದ್ದಂತೆ ಕಂಡ ಯೋಹಾನ್ ಮತ್ತು ಮರಿಯಾನ್ ದೂರವಾಗುವ ಕಥೆ. ಆಮೇಲೆ ಅದನ್ನೇ ಮೂರು ಗಂಟೆಯೊಳಗೆ ಇಳಿಸಿ ಸಿನಿಮಾ ಮಾಡಿದರು. 1974ರಲ್ಲಿ ಅಮೆರಿಕಕ್ಕೆ ಹೋದಾಗ ವಿಮರ್ಶಕರು ತುಂಬಾ ಮೆಚ್ಚಿಕೊಂಡರು. ಅಲ್ಲಿನ ರಾಷ್ಟ್ರೀಯ ಚಿತ್ರ ವಿಮರ್ಶಕರ ಸಂಘ ಅದನ್ನು ವರ್ಷದ ಅತ್ಯುತ್ತಮ ಚಿತ್ರ ಎಂದು ಆರಿಸಿತು. ಮರಿಯಾನ್ ಪಾತ್ರದ ಲಿವ್ ಉಲ್ಮನ್ ಅತ್ಯುತ್ತಮ ನಟಿಯಾದರು. ಆಸ್ಕರ್ ಸ್ಪರ್ಧೆಗೆ ಮಾತ್ರ ಸೇರಿಸಿಕೊಳ್ಳಲಿಲ್ಲ, ಮೊದಲು ಟಿವಿಯಲ್ಲಿ ಬಂದಿತ್ತು ಎಂಬ ಕಾರಣಕ್ಕೆ. ಉಲ್ಮನ್‌ಗೆ ಇದು ಅನ್ಯಾಯ ಅಂತಲೇ ನನ್ನ ಭಾವನೆ.

ಆಕ್ಷೇಪಗಳೂ ಇದ್ದವು. ಇದು ಉಳ್ಳವರ ಮನೆಯ ಸಂಕಟ, ಹೊರಗಿನ ಲೋಕವೇ ಇಲ್ಲ ಎಂದರು. ಇಬ್ಬರು ಹೆಣ್ಣುಮಕ್ಕಳಿದ್ದರೂ ಅವರು ಕಾಣುವುದೇ ಅಪರೂಪ. ಮಕ್ಕಳ ವಿಷಯದ ಆಕ್ಷೇಪ ನನಗೂ ಸರಿ ಅನಿಸುತ್ತದೆ. ನಮ್ಮ ಕೋರ್ಟಿನಲ್ಲಿ ಗಂಡ-ಹೆಂಡತಿ ಜಾಸ್ತಿ ಅಳುವುದು ಮಗು ಯಾರ ಹತ್ತಿರ ಇರಬೇಕು ಎಂಬ ಮಾತು ಬಂದಾಗ.

ಇವೆಲ್ಲಕ್ಕಿಂತ ದೊಡ್ಡದಾಗಿ ಬೆಳೆದದ್ದು ಇನ್ನೊಂದು ಮಾತು: ಈ ಸೀರಿಯಲ್ ನೋಡಿಯೇ ಸ್ವೀಡನ್ನಿನಲ್ಲಿ ವಿಚ್ಛೇದನ ಹೆಚ್ಚಾಯಿತು ಎಂಬುದು. ಇಂದಿಗೂ ಜನ ಇದನ್ನು ಹೇಳುತ್ತಾರೆ. ಲೆಕ್ಕ ನೋಡಿದರೆ ಹೌದು ಅನಿಸುತ್ತದೆ. 1973ರಲ್ಲಿ ಸುಮಾರು 16 ಸಾವಿರ ಇದ್ದ ವಿಚ್ಛೇದನ 1974ರಲ್ಲಿ 26 ಸಾವಿರ ದಾಟಿತು. ಆದರೆ 1974ರ ಜನವರಿ 1ರಂದು ಅಲ್ಲಿ ಹೊಸ ಕಾನೂನು ಜಾರಿಗೆ ಬಂದಿತ್ತು. ಅದಕ್ಕೂ ಮೊದಲು ಸಾಮಾನ್ಯವಾಗಿ ಒಂದು ವರ್ಷ ಬೇರೆ ಇದ್ದು ಕಾಯಬೇಕಿತ್ತು. ಈಗ ಯಾರ ತಪ್ಪನ್ನೂ ತೋರಿಸಬೇಕಿಲ್ಲ. ಇಬ್ಬರೂ ಒಪ್ಪಿದ್ದು, 16 ವರ್ಷದೊಳಗಿನ ಮಕ್ಕಳಿಲ್ಲದಿದ್ದರೆ ಕಾಯಬೇಕಾಗಿಯೂ ಇಲ್ಲ. ಉಳಿದವರಿಗೆ ಆರು ತಿಂಗಳು ಯೋಚಿಸುವ ಸಮಯ. ವರ್ಷಗಟ್ಟಲೆ ಕಾದಿದ್ದವರೆಲ್ಲ ಒಟ್ಟಿಗೆ ಬಂದರು. 1976ರ ಹೊತ್ತಿಗೆ ಸಂಖ್ಯೆ ಮತ್ತೆ ಸಾಕಷ್ಟು ಇಳಿಯಿತು. ಬಾಗಿಲು ತೆರೆದದ್ದು ಕಾನೂನು.

ಹಾಗಾದರೆ ಸೀರಿಯಲ್ ಏನೂ ಮಾಡಲಿಲ್ಲವೇ? ಮಾಡಿತು. ಮರಿಯಾನ್ ಕೂಡ ನನ್ನಂತೆ ಕೌಟುಂಬಿಕ ವಕೀಲೆ. ಎರಡನೇ ಕಂತಿನಲ್ಲಿ ಅವಳ ಆಫೀಸಿಗೆ ಯಾಕೋಬಿ ಎಂಬ ಹಿರಿಯ ಹೆಂಗಸು ಬರುತ್ತಾಳೆ. ಮದುವೆಯಾಗಿ 20 ವರ್ಷ ದಾಟಿದೆ. ಗಂಡ ಒಳ್ಳೆಯವನು, ಜಗಳ ಇಲ್ಲ, ಬೇರೆ ಸಂಬಂಧ ಇಲ್ಲ. ಪ್ರೀತಿ ಇಲ್ಲ, ಅಷ್ಟೇ. ಮಕ್ಕಳು ದೊಡ್ಡವರಾಗಲಿ ಎಂದು ಕಾದಿದ್ದಾಳೆ. ಮೇಜನ್ನು ಮುಟ್ಟಿದರೂ ಆ ಸ್ಪರ್ಶ ಸಪ್ಪೆ ಎನ್ನುತ್ತಾಳೆ. ಅದನ್ನು ಕೇಳುವ ಮರಿಯಾನ್‌ಳ ಮುಖ ನೋಡಿ. ತನ್ನ ಮನೆಯ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದ ಮುಖ ಅದು.

ಯಾಕೋಬಿ ನನ್ನ ಬಳಿ ಬಂದಿದ್ದರೆ? ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ಕ್ರೌರ್ಯ, ವ್ಯಭಿಚಾರ, ಎರಡು ವರ್ಷ ಬಿಟ್ಟುಹೋಗಿರುವುದು, ಇಂಥ ಕಾರಣ ಬೇಕು. 'ಪ್ರೀತಿ ಇಲ್ಲ' ಎನ್ನುವುದು ಕಾರಣವಲ್ಲ. ಗಂಡನೂ ಒಪ್ಪಿದರೆ 1976ರಲ್ಲಿ ಬಂದ 13ಬಿ ಇದೆ. ಒಂದು ವರ್ಷ ಬೇರೆ ಇದ್ದು ಅರ್ಜಿ, ಆಮೇಲೆ ಆರು ತಿಂಗಳು. ಸರಿಯಾದ ಸಂದರ್ಭದಲ್ಲಿ ಆ ಆರು ತಿಂಗಳನ್ನು ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಮತ್ತೆ ಸೇರಲಾಗದಷ್ಟು ಮುರಿದ ಮದುವೆಯನ್ನು ಸಂವಿಧಾನದ 142ನೇ ವಿಧಿಯಡಿ ತಾನು ಕೊನೆಗೊಳಿಸಬಹುದು ಎಂದು 2023ರಲ್ಲಿ ಹೇಳಿತು. ಅದು ಸುಪ್ರೀಂ ಕೋರ್ಟಿಗೆ ಮಾತ್ರ ಇರುವ ಅಧಿಕಾರ. ಗಂಡ ಒಪ್ಪದಿದ್ದರೆ ನಮ್ಮ ಯಾಕೋಬಿಗೆ ಜಿಲ್ಲೆಯ ಕೋರ್ಟಿನಲ್ಲಿ ದಾರಿಯಿಲ್ಲ. ಕೆಲವರು ಅದಕ್ಕಾಗಿ ಇಲ್ಲದ ಕ್ರೌರ್ಯವನ್ನು ಬರೆಸಲು ಬರುತ್ತಾರೆ. ನಾನು ಬರೆಯುವುದಿಲ್ಲ.

ಸೀರಿಯಲ್‌ನಿಂದ ಕೆಟ್ಟಳು ಎಂಬ ದೂರು ಬಂದಾಗ ನಾನು ವಾದಿಸುವುದಿಲ್ಲ. ಹಿರಿಯರನ್ನು ಹೊರಗೆ ಕೂರಿಸಿ, ಆ ಹೆಣ್ಣುಮಗಳನ್ನು ಒಂದೇ ಪ್ರಶ್ನೆ ಕೇಳುತ್ತೇನೆ: "ಯಾವ ಸೀನ್ ನೋಡಿ ಅತ್ತಿರಿ?" ಸ್ವಲ್ಪ ಹೊತ್ತು ಸುಮ್ನೆ ಇರುತ್ತಾರೆ. ಆಮೇಲೆ ಹೇಳತೊಡಗುತ್ತಾರೆ.